ಕುಂಟೆತ್ತಿನ ಅಕ್ಕೋರು

ಅಕ್ಕೋರ ನಿವೃತ್ತಿಯ ಸಮಾರಂಭದಲ್ಲಿ ಓಣಿಯ ಪರವಾಗಿ ಎರಡು ಮಾತು ಆಡಲು ನನಗೂ ಹೇಳಿದ್ದರು. ಹಣ್ಣಿನ ಬುಟ್ಟಿ ಕೊಟ್ಟೆ, ಕೈ ಮುಗಿದೆ, ಎಲ್ಲರೂ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಕುಳಿತೆ. ಜನ ಚಪ್ಪಾಳೆ ತಟ್ಟಿದರು. ಮೈಕಿನ ಮುಂದೆ ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದೆ, ಅದನ್ನು ಇಲ್ಲಿ ಬರೆದುಬಿಡುತ್ತೇನೆ. ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು. ಅವರು ನಮ್ಮ ಮನೆಗೆ ಬಂದ ಮೊದಲ ವರ್ಷದಿಂದ ಇತ್ತು, ಅವರು ಹೋದ ಮೇಲೂ ಇದೆ.

ನಾನು ಸುಮ್ಮಸುಮ್ಮನೆ ಹೊಟ್ಟೆ ಉರಿಸಿಕೊಳ್ಳುವ ಮನುಷ್ಯನಲ್ಲ. ಸವಣೂರಿನ ಸಂತೆಯಲ್ಲಿ ತಾಡಪತ್ರಿ ಹಾಸಿ ಕುಂಕುಮ, ಊದಿನಕಡ್ಡಿ ಮಾರಿದವನು, ಈಗ ಶಿಗ್ಗಾಂವಿಯ ಪೇಟೆಯಲ್ಲಿ ಎರಡು ಶಟರಿನ ಅಂಗಡಿ ಇಟ್ಟಿದ್ದೇನೆ. ಹಬ್ಬದ ಸಾಮಾನು ನನ್ನ ವ್ಯಾಪಾರ. ಕಾರಹುಣ್ಣಿಮೆಗೆ ಎತ್ತಿನ ಗೆಜ್ಜೆ, ಗೊಂಡೆ, ಪಂಚಮಿಗೆ ಜೋಕಾಲಿಯ ಹಗ್ಗ, ದೀಪಾವಳಿಗೆ ಆಕಾಶಬುಟ್ಟಿ, ಸಂಕ್ರಾಂತಿಗೆ ಕುಸುರೆಳ್ಳು, ರಂಜಾನಿಗೆ ಅತ್ತರು, ಟೋಪಿ. ಯಾವ ದೇವರೂ ನನ್ನ ಅಂಗಡಿಗೆ ಹೊರಗಿನವನಲ್ಲ. ಎದುರಿಗೇ ಇನ್ನೊಬ್ಬ ಇದೇ ವ್ಯಾಪಾರದ ಅಂಗಡಿ ತೆರೆದಾಗಲೂ ನನಗೆ ಹೊಟ್ಟೆ ಉರಿಯಲಿಲ್ಲ. ಅವನಿಗೇ ಸಗಟಿನಲ್ಲಿ ಮಾಲು ಮಾರಿದೆ. ಆದರೆ ಈ ಅಕ್ಕೋರ ಮುಂದೆ ನನ್ನ ಯಾವ ಉಪಾಯವೂ ನಡೆಯಲಿಲ್ಲ. ಹಬ್ಬ ಮಾರುವವನು ನಾನು. ಹಬ್ಬ ಬಂತೆಂದರೆ ಮಕ್ಕಳು ಓಡುತ್ತಿದ್ದದ್ದು ಅವರ ಹತ್ತಿರ. ಆ ಮಕ್ಕಳಲ್ಲಿ ನನ್ನ ಮಗಳು ನೀಲಾನೂ ಒಬ್ಬಳು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಓಣಿಯ ಅರ್ಧ ಜನಕ್ಕೆ ಗುರುತು ಹತ್ತಲಿಕ್ಕಿಲ್ಲ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಊರಲ್ಲಿ ಅಂಥ ಅಕ್ಕೋರು ಎಷ್ಟೋ ಮಂದಿ ಇದ್ದರು, ಆದರೆ ಬರೀ 'ಅಕ್ಕೋರು' ಎಂದರೆ ಇವರೇ.

ಮನೆ ಕೇಳಲು ಬಂದ ದಿನ ನೆನಪಿದೆ. ಹುಟ್ಟೂರು ಹಿರೇಕೆರೂರು ಕಡೆಯ ಅಬಲೂರು. ಹಾನಗಲ್ಲಿನ ಹಳ್ಳಿಗಳಲ್ಲಿ ಕಲಿಸಿ, ಸವಣೂರಿನಲ್ಲಿ ಕಲಿಸಿ, ನಮ್ಮೂರಿನ ಕನ್ನಡ ಸಾಲಿಗೆ ವರ್ಗವಾಗಿ ಬಂದಿದ್ದರು. ಒಬ್ಬರೇ ಇದ್ದರು. ಯಾಕೆ ಒಬ್ಬರೇ ಎಂದು ನನ್ನ ಹೆಂಡತಿ ಕೇಳಿ ತಿಳಿದುಕೊಂಡಿದ್ದಾಳೆ. ನನಗೆ ಇವತ್ತಿಗೂ ಹೇಳಿಲ್ಲ. ಮಹಡಿಯ ಖೋಲಿ ತೋರಿಸಿದೆ. ಅರ್ಧ ತಾಸು ಚೌಕಾಶಿ ಮಾಡುತ್ತಾರೆಂದು ಲೆಕ್ಕ ಹಾಕಿ ಬಾಡಿಗೆಯನ್ನು ಏರಿಸಿಯೇ ಹೇಳಿದೆ.

"ಇರ್ಲಿ ಬಿಡ್ರಿ," ಎಂದರು. "ನೀವು ಹೇಳಿದಷ್ಟ ಇರ್ಲಿ. ಆದ್ರ ಅಂಗಳದಾಗ ಆ ಮೂಲಿ ನನಗ ಬೇಕ್ರಿ."

"ಯಾಕ್ರಿ ಅಕ್ಕೋರ, ಹೂವಿನ ಗಿಡ ಹಚ್ಚತೀರೇನು?"

"ಇಲ್ರಿ. ಮಣ್ಣ ಹಾಕ್ತೇನಿ."

"ಬರೇ ಮಣ್ಣ?"

"ಬರೇ ಮಣ್ಣ."

ಆ ಮೂಲೆಯಲ್ಲಿ ಮುರಿದ ಕುರ್ಚಿ, ಹಳೇ ತಗಡು ಬಿದ್ದಿದ್ದವು. ಕೊಟ್ಟರೆ ಹೋಗುವುದೇನು ಎಂದು ಒಪ್ಪಿಕೊಂಡೆ. ಹೆಂಡತಿಗೆ, "ಇವತ್ತಿನ ವ್ಯಾಪಾರ ಭಾಳ ಚಲೋ ಆತು," ಎಂದು ಹೇಳಿ ನಗುತ್ತ ಉಂಡೆ. ಹೊಸದಾಗಿ ವ್ಯಾಪಾರಕ್ಕಿಳಿಯುವ ಹುಡುಗರಿಗೆ ಈಗ ಇದೇ ಮಾತು ಹೇಳುತ್ತಿರುತ್ತೇನೆ: ಎದುರಿನವರು ಚೌಕಾಶಿ ಮಾಡದೆ ಒಪ್ಪಿದ್ದನ್ನು ನೋಡಿ ಹಿಗ್ಗಬೇಡಿ. ಅದೇ ಉಸಿರಿನಲ್ಲಿ ಅವರು ಬೇರೆ ಏನು ಕೇಳಿದರು ನೋಡಿ. ಅಸಲು ಮಾಲು ಅದು.

ಅಕ್ಕೋರ ಸಾಮಾನು ಬಂತು. ಪಾತ್ರೆ ಪಡಗಕ್ಕಿಂತ ಚೀಲಗಳೇ ಹೆಚ್ಚು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಇವ್ರು ಸಂಸಾರ ತಂದಾರೋ ಹೊಲಾ ತಂದಾರೋ?" ಎಂದಳು. ಚೀಲ ಬಿಚ್ಚಿದರೆ ಒಂದರಲ್ಲಿ ಅಬಲೂರಿನ ಹೊಲದ ಕರಿ ಎರೆಮಣ್ಣು, ಒಂದರಲ್ಲಿ ಹಾನಗಲ್ ಕಡೆಯ ಯಾವುದೋ ಕೆರೆಯ ಹೂಳು, ಒಂದರಲ್ಲಿ ಕೆಂಪು ಮಣ್ಣು. ಮೂಲೆಯಲ್ಲಿ ಸಾಲಾಗಿ ಗುಡ್ಡೆ ಹಾಕಿಸಿದರು. ಮಾರನೆಯ ದಿನ ಓಣಿಯ ಮಕ್ಕಳು ಗುಡ್ಡೆಯ ಸುತ್ತ ಕುಳಿತಿದ್ದವು. ನೀಲಾ ಅವರ ನಡುವೆ ಮೊಣಕೈ ಮಟ ಕೆಸರಾಗಿ ಕುಳಿತಿದ್ದಳು. ನನ್ನನ್ನು ನೋಡಿದಳು, ನೋಡಿಯೂ ಎದ್ದು ಬರಲಿಲ್ಲ. ಅಲ್ಲಿಯವರೆಗೆ ನಾನು ಅಂಗಡಿಯಿಂದ ಬಂದರೆ ಓಡಿಬಂದು ಕೈಚೀಲ ಇಸಿದುಕೊಳ್ಳುತ್ತಿದ್ದ ಹುಡುಗಿ.

ಅಕ್ಕೋರನ್ನು ನೆನೆದರೆ ಅವರ ಮುಖಕ್ಕಿಂತ ಮೊದಲು ಅವರ ಬೆನ್ನು ಕಣ್ಣಿಗೆ ಬರುತ್ತದೆ. ಬೆನ್ನ ಹಿಂದೆ ಎರಡೂ ಕೈ ಕಟ್ಟಿಕೊಂಡು, ಸೆರಗಿನ ತುದಿಯನ್ನು ಆ ಬೆರಳುಗಳಲ್ಲೇ ಗಟ್ಟಿಯಾಗಿ ಹಿಡಿದು, ಮಕ್ಕಳ ಹತ್ತಿರ ನಿಂತಿರುತ್ತಿದ್ದರು. ಹುಡುಗ ಎತ್ತಿನ ಕೊರಳು ಸೊಟ್ಟ ಮಾಡಿದರೂ ಕೈ ಮುಂದೆ ಬರುತ್ತಿರಲಿಲ್ಲ. ಹುಡುಗಿ ರಂಗೋಲಿಯ ಚುಕ್ಕಿ ತಪ್ಪಿಸಿದರೂ ಬರುತ್ತಿರಲಿಲ್ಲ. ಒಮ್ಮೆ ನನಗೇ ತಡೆಯಲಾರದೆ, "ಅಕ್ಕೋರ, ಒಂದೀಟ ತಿದ್ದಿ ಕೊಡಬಾರದೇನ್ರಿ?" ಎಂದೆ.

"ನನ್ನ ಕೈ ಮುಂದ ಬಂದ್ರ ಎತ್ತು ನಂದಾಕ್ಕೇತ್ರಿ," ಎಂದರು.

ಎರಡನೆಯದು ಅವರ ಮಾತು. ಮಕ್ಕಳು ಏನೇ ಕೇಳಲಿ, ಉತ್ತರ ಒಂದೇ: "ಕೇಳ್ಕೊಂಡ ಬಾ." ಸಂಕ್ರಾಂತಿಗೆ ಎಳ್ಳು ಯಾಕೆ? ಕೇಳ್ಕೊಂಡ ಬಾ. ಯಾರನ್ನು? ಎಳ್ಳು ಬೆಳೆದವರನ್ನು, ಎಳ್ಳು ಮಾರುವವರನ್ನು, ಎಳ್ಳು ತಿನ್ನುವ ಮುದುಕಿಯನ್ನು. ಮಕ್ಕಳು ಊರೆಲ್ಲ ಕೇಳಿಕೊಂಡು ಬಂದು ಜಗಳಾಡಿ ಒಂದು ಉತ್ತರ ಮಾಡುತ್ತಿದ್ದರು. ಮೊಹರಮ್ಮಿಗೆ ಮಾಡುವ ಚೊಂಗೆ ಎಂಬ ಸಿಹಿ ರೊಟ್ಟಿಯ ಮೇಲೆ ಆ ಗೆರೆ ಹೇಗೆ ಮೂಡುತ್ತದೆ ಎಂದು ಕೇಳಿದ್ದಕ್ಕೆ ಹತ್ತಿಯ ಗಾದಿ ತುಂಬುವವರ ಮನೆಗೆ ಕಳಿಸಿದರು. ಅದು ಸವಣೂರಿನಿಂದ ಬಂದ ಕುಟುಂಬ. ನಮ್ಮ ಓಣಿಯ ತುದಿಯಲ್ಲೇ ಮನೆ. ಮಕ್ಕಳು ಅಲ್ಲಿ ಹಿಟ್ಟು ಒತ್ತಿ, ಬೆಲ್ಲದ ಬಾಯಿ ಮಾಡಿಕೊಂಡು ಬಂದರು.

ಈ ಕೇಳುವ ರೋಗ ನನ್ನ ಅಂಗಡಿಗೂ ಬಂತು. ಗಣಪತಿ ಹಬ್ಬದ ಭರದ ವ್ಯಾಪಾರ, ಗಿರಾಕಿ ಮೇಲೆ ಗಿರಾಕಿ. ನಡುವೆ ನುಗ್ಗಿ ಒಬ್ಬ ಹುಡುಗ ಗಟ್ಟಿ ದನಿಯಲ್ಲಿ, "ಕಾಕಾ, ಈ ಬಣ್ಣಾ ನೀರಾಗ ಬಿದ್ರ ಮೀನ ಸಾಯ್ತಾವಂತ, ಖರೇನೋ?" ಎಂದ. ಮೂರ್ತಿ ಕೈಯಲ್ಲಿ ಹಿಡಿದಿದ್ದ ಗಿರಾಕಿ ಮೂರ್ತಿಯನ್ನು ಮೆಲ್ಲಗೆ ಕೆಳಗಿಟ್ಟ.

"ಯಾರಲೇ ನಿನಗ ಇದನ್ನ ಕೇಳಾಕ ಹೇಳಿದ್ದು?"

"ಅಕ್ಕೋರು. ಮಾರೋರನ್ನ ಕೇಳ್ಕೊಂಡ ಬಾ ಅಂದ್ರು."

ಸೀಗಿ ಹುಣ್ಣಿಮೆಗೆ ಮಕ್ಕಳನ್ನು ಬಸ್ಸಿನಲ್ಲಿ ಅಬಲೂರಿನ ತಮ್ಮ ಹೊಲಕ್ಕೆ ಕರೆದುಕೊಂಡು ಹೋದರು. ಬೆಳೆಯ ನಡುವೆ ಭೂಮಿತಾಯಿಗೆ ಎಡೆಯೆಂದು ಅಡಿಗೆಯ ಚರಗ ಚೆಲ್ಲಿ, ಅಲ್ಲೇ ಬುತ್ತಿ ಬಿಚ್ಚಿ ಉಂಡು ಬಂದರು. ರಾತ್ರಿ ಊಟಕ್ಕೆ ಕುಳಿತಾಗ ನೀಲಾ ನನಗೆ ಜೋಳದ ತೆನೆ ಹೊಡೆ ತುಂಬುವುದನ್ನು ವಿವರಿಸಿದಳು. ಬಸುರಿಗೆ ಬಯಕೆ ಊಟ ಹಾಕುವ ಹಾಗೆ ಭೂಮಿಗೂ ಹಾಕುತ್ತೇವಂತೆ. ನಾನು ಅನ್ನ ಕಲಸುತ್ತ ಕೇಳುತ್ತಿದ್ದೆ. ಕೂಲಿ ಮಾಡುವ ಅವ್ವನ ಹಿಂದೆ ಹೊಲದ ಬದುವಿನಲ್ಲಿ ಬೆಳೆದ ಹುಡುಗ ನಾನು. ಚರಗ ಚೆಲ್ಲುವ ದೊಡ್ಡವರ ಹಿಂದೆ ಓಡುತ್ತ ಕೂಗು ಹಾಕಿದವನು. ಅಷ್ಟು ವರ್ಷ ಅದನ್ನೆಲ್ಲ ಎದೆಯೊಳಗೆ ಇಟ್ಟುಕೊಂಡಿದ್ದೆ, ಮಗಳಿಗೆ ಒಮ್ಮೆಯೂ ಹೇಳಿರಲಿಲ್ಲ. ಅಂಗಡಿ ಬಿಟ್ಟು ಬರಲು ಪುರುಸೊತ್ತಿರಲಿಲ್ಲ. ಈಗ ಅದೇ ಮಾಲು ಬೇರೆಯವರ ಕೈಯಿಂದ ನನ್ನ ಮನೆಗೆ ಬಂದಿತ್ತು.

"ಅಕ್ಕೋರು ಎಷ್ಟ ಚಂದ ಹೇಳಿದ್ರು ಗೊತ್ತೇನಪ್ಪಾ!" ಎಂದಳು.

"ಗೊತ್ತೈತಿ, ಉಣ್ಣ," ಎಂದೆ.

ಇನ್ನು ನನ್ನ ಆಸೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಹೊಟ್ಟೆಕಿಚ್ಚು ಯಾರಿಗೂ ಅರ್ಥವಾಗುವುದಿಲ್ಲ. ನೀಲಾ ನನಗೆ ಒಬ್ಬಳೇ. ಅವಳು ಅಂಗಡಿಯಲ್ಲಿ ಕೂಡಬೇಕು, ನನ್ನ ಹಾಗೆ ಮಾತಾಡಬೇಕು, 'ಇದನ್ನೆಲ್ಲ ನಮ್ಮಪ್ಪ ಕಲಿಸಿದ' ಎಂದು ನಾಲ್ಕು ಜನರ ಮುಂದೆ ಒಮ್ಮೆ ಹೇಳಬೇಕು. ಅಷ್ಟೇ. ಆಸ್ತಿ ಮಾಡಿದವನಿಗೆ ಅದು ದೊಡ್ಡ ಆಸೆಯಲ್ಲ. ಆದರೆ ಹುಡುಗಿ ಅಂಗಡಿಗೆ ಬಂದರೆ ಬಾಯಿಯೇ ಬಿಡುತ್ತಿರಲಿಲ್ಲ. ಗಿರಾಕಿ ದರ ಕೇಳಿದರೆ ನನ್ನ ಮುಖ ನೋಡುತ್ತಿದ್ದಳು. ನಾನು ಎಲ್ಲ ಕಲಿಸಿದೆ. ಮಾರುವಾಗ ಮಾಲಿನ ಚಂದ ಮೇಲೆ ಬರಲಿ, ಊನ ಕೆಳಗಿರಲಿ. ಕೊಳ್ಳುವಾಗ ದರ ಕೇಳು, ಸಣ್ಣಗೆ ನಗು, ಬೆನ್ನು ತಿರುಗಿಸಿ ಹೊಳ್ಳಿ ನಡೆ. ಹಿಂದಕ್ಕೆ ತಿರುಗಿ ಮಾತ್ರ ನೋಡಬೇಡ, ಕರೆದೇ ಕರೆಯುತ್ತಾರೆ. ಈ ಕೊನೆಯದು ಸವಣೂರು ಸಂತೆಯಲ್ಲಿ ನಾನೇ ಕಂಡುಕೊಂಡ ವಿದ್ಯೆ, ಆ ನಗೆ ಸಮೇತ. ಅಂಗಡಿಯ ಒಳಗೇ ನಡೆದು ತೋರಿಸಿದೆ. ನೀಲಾ, "ನನಗ ನಾಚಿಕಿ ಬರ್ತೈತಪ್ಪಾ," ಎಂದು ಹಗ್ಗದ ಸುರುಳಿಯ ಹಿಂದೆ ಮುಖ ಮುಚ್ಚಿಕೊಂಡಳು.

ಆಗ ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಕಡೆಯವರಿಗೆ ಗೊತ್ತು, ಬೇರೆ ಕಡೆಯವರಿಗೆ ಹೇಳುತ್ತೇನೆ. ಮುಂಗಾರಿನ ಆ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜೆ ಮಾಡುತ್ತೇವೆ. ಮರುದಿನ ಹಬ್ಬ ಮಕ್ಕಳದು. ಒಂದು ಎತ್ತಿನ ಕಾಲು ಮುರಿದು, ತಾಟಿನಲ್ಲಿಟ್ಟುಕೊಂಡು, ಕುಂಟೆತ್ತು ಬಂದಿದೆ ಎಂದು ಕೂಗುತ್ತ ಮನೆಮನೆಗೆ ಹೋಗಿ ಕಾಳು ಬೇಡುತ್ತಾರೆ. ಬಂದ ಕಾಳಿನಿಂದ ಎಲ್ಲರೂ ಕೂಡಿ ಏನಾದರೂ ಮಾಡಿಕೊಂಡು ಉಣ್ಣುತ್ತಾರೆ. ಎತ್ತನ್ನು ಕೆರೆಗೆ ಬಿಡುತ್ತಾರೆ.

ಆ ವರ್ಷ ನಾನು ಅಚ್ಚಿನಲ್ಲಿ ಒತ್ತಿದ, ಬಂಗಾರದ ಬಣ್ಣದ ಕೋಡಿನ ಎತ್ತುಗಳನ್ನು ಹುಬ್ಬಳ್ಳಿಯಿಂದ ತರಿಸಿದ್ದೆ. ಪೇಟೆಯ ಜನ ತೆಗೆದುಕೊಂಡರು. ನನ್ನ ಮನೆಯ ದೇವರ ಮುಂದೆ ಮಾತ್ರ ನೀಲಾ ಮಾಡಿದ ಎತ್ತುಗಳು ಕುಳಿತವು. ನೋಡಲು ಒಂದು ಹಂದಿಯಂತೆ, ಒಂದು ನಾಯಿಯಂತೆ. ಅಬಲೂರಿನ ಮಣ್ಣು ಒಣಗಿದಾಗ ಸೀಳುತ್ತದೆಂದು, ಅದಕ್ಕೆ ಕೆರೆಯ ಹೂಳು ಬೆರೆಸಿ, ಹೊಟ್ಟು ಹಾಕಿ, ಮಕ್ಕಳೇ ನೆರಳಲ್ಲಿ ಒಣಗಿಸಿದ್ದರಂತೆ. ಹೇಳಿಕೊಟ್ಟದ್ದು ಯಾರು? ಯಾರೂ ಇಲ್ಲವಂತೆ, ಮೊದಲಿನ ಎತ್ತು ಸೀಳಿದ ಮೇಲೆ ತಾವೇ ಕೇಳಿಕೊಂಡು ಬಂದರಂತೆ.

ಮರುದಿನ ಅಂಗಡಿಯ ಮುಂದೆ ಮಕ್ಕಳ ದಂಡು ಬಂತು. ತಾಟು ಹಿಡಿದು ಮುಂದೆ ನಿಂತವಳು ನೀಲಾ.

"ಸಾವಕಾರ್ರ, ಕುಂಟೆತ್ತು ಬಂದೈತ್ರಿ. ಏನರ ನೀಡ್ರಿ."

ಸ್ವಂತ ಮಗಳು ನನ್ನನ್ನು ಸಾವಕಾರ್ರ ಎಂದಳು! ಗಿರಾಕಿಗಳು ತಿರುಗಿ ನಿಂತರು. ನಾನೂ ಆಟಕ್ಕೆ ಇಳಿದೆ.

"ಕಾಲಿಲ್ಲದ ಎತ್ತು ಯಾವ ಕೆಲಸಕ್ಕ ಬಂತವಾ? ಮುಂದಿನ ಅಂಗಡಿಗೆ ಹೋಗ್ರಿ."

"ಕಾಲಿದ್ದಿದ್ರ ಹೊಲಕ್ಕ ಹೋಗ್ತಿತ್ರಿ. ಇಲ್ಲಂತನ ನಿಮ್ಮ ಕಡೆ ಬಂದೈತಿ."

"ಹಂಗಾರ ಒಂದ ಹಿಡಿ ಜ್ವಾಳಾ ತಗೋರಿ."

"ಅದು ಎತ್ತಿಗಾತು. ಹೊತ್ತಗೊಂಡ ಬಂದ ನಮಗ?"

"ನಿಮಗೂ ಒಂದ ಹಿಡಿ."

"ನಾವು ಇಷ್ಟ ಮಂದಿ ಅದೇವ್ರಿ, ನೋಡ್ರಿ ಕಣ್ಣ ತಗದು."

"ಬೇಡಾಕ ಬಂದಿಯೋ ನನ್ನ ಕೂಡ ಚೌಕಾಶಿ ಮಾಡಾಕ ಬಂದಿಯೋ?"

ನೀಲಾ ತಾಟನ್ನು ಒಂದಿಷ್ಟು ಮೇಲೆತ್ತಿದಳು. "ನೀವು ಮಾರಿದ ಎತ್ತಿನ ಕೋಡು ಮನಿ ಮುಟ್ಟೂದ್ರೊಳಗ ಮುರದಾವ್ರಿ ಸಾವಕಾರ್ರ. ನೀವು ಅದನ್ನ ಹೇಳದ ಮಾರೀರಿ. ನಾವು ಕಾಲ ಮುರದೈತಿ ಅಂತ ಮೊದ್ಲ ಹೇಳಿ ಕೇಳಾಕತ್ತೇವಿ. ಯಾರದು ನ್ಯಾಯ, ನೀವ ಹೇಳ್ರಿ."

ಪೇಟೆ ಬಿದ್ದು ಬಿದ್ದು ನಕ್ಕಿತು. ಪಕ್ಕದ ಕಿರಾಣಿ ಅಂಗಡಿಯಿಂದ ಒಂದು ಸೇರು ಜೋಳ ತರಿಸಿ ತಾಟಿಗೆ ಸುರಿದೆ. ಕಿರಾಣಿಯವನು ಅಳೆದು ಕೊಡುತ್ತ, "ಅಂತೂ ನಿಮ್ಮನ್ನ ಗೆಲ್ಲೋರು ಒಬ್ರು ಹುಟ್ಟಿದ್ರು ನೋಡ್ರಿ," ಎಂದ. ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ಸಂಜೆ ಮನೆಗೆ ಓಡಿಬಂದು ಮಗಳನ್ನು ಹತ್ತಿರ ಕೂಡಿಸಿಕೊಂಡೆ.

"ಅಷ್ಟ ಚಂದ ಮಾತಾಡೂದು ಯಾರ ಕಲಿಸಿದ್ರವಾ ನಿನಗ?"

"ಅಕ್ಕೋರು."

"ಏನಂತ ಕಲಿಸಿದ್ರು?"

"ಏನೂ ಹೇಳಲಿಲ್ಲ. ಕೈ ಹಿಂದ ಕಟಗೊಂಡು ನಿಂತಿದ್ರು."

ಉಬ್ಬಿದ ಎದೆ ಅಲ್ಲೇ ಇಳಿಯಿತು. ವರ್ಷವಿಡೀ ಬಾಯಿ ನೋಯಿಸಿಕೊಂಡು ಕಲಿಸಿದವನು ನಾನು. ಸುಮ್ಮನೆ ನಿಂತವರಿಗೆ ಹೆಸರು. ಹೆಂಡತಿ ಒಳಗಿನಿಂದಲೇ, "ಒಂದ ಹೆಣ್ಣಮಗಳ ಮ್ಯಾಲ ಹೊಟ್ಟಿಕಿಚ್ಚ ಪಡ್ತೀರಲ್ಲ, ಮೀಸಿ ಹೊತ್ತ ಗಂಡಸು!" ಎಂದಳು. ಮೀಸೆಗೂ ಇದಕ್ಕೂ ಏನು ಸಂಬಂಧವೋ.

ಸೋತ ವ್ಯಾಪಾರವನ್ನು ಬಿಟ್ಟು ಕೂಡುವ ಜಾಯಮಾನ ನನ್ನದಲ್ಲ. ಪಂಚಮಿಗೆ ಓಣಿಯ ಬೇವಿನ ಮರಕ್ಕೆ ನನ್ನ ಅಂಗಡಿಯ ಹೊಸ ಹಗ್ಗದಿಂದ ನಾನೇ ಜೋಕಾಲಿ ಕಟ್ಟಿಸಿದೆ. ಮಕ್ಕಳು ಬಂದು, ಜೀಕಿ, ಉಂಡಿ ತಿಂದು ಹೋದರು. ಮರುದಿನ ನೋಡಿದರೆ ಎಲ್ಲ ಅಂಗಳದ ಮೂಲೆಯಲ್ಲಿ ಕುಳಿತು ಹಳೇ ಹಗ್ಗದ ತುಂಡುಗಳಿಗೆ ಗಂಟು ಹಾಕಿ ಬಿಚ್ಚಿ ನೋಡುತ್ತಿದ್ದಾರೆ. ಯಾವ ಗಂಟು ಭಾರ ಬಿದ್ದಷ್ಟೂ ಬಿಗಿಯುತ್ತದೆ, ಯಾವುದು ಜಾರುತ್ತದೆ ಎಂದು. ನನ್ನ ಹೊಸ ಜೋಕಾಲಿ ಮರದಲ್ಲಿ ಒಂಟಿಯಾಗಿ ತೂಗುತ್ತಿತ್ತು.

ಅದರ ಮುಂದಿನ ವರ್ಷದ ಅಮಾವಾಸ್ಯೆಗೆ ನನ್ನ ತಲೆಗೆ ಭಾರೀ ಉಪಾಯ ಹೊಳೆಯಿತು. ಅಮಾವಾಸ್ಯೆ ಮುಗಿದ ಮೇಲೆ ಅಚ್ಚಿನ ಎತ್ತು ಯಾರಿಗೂ ಬೇಡ. ಉಳಿದ ಮಾಲು ಹಾಳು. ಮಕ್ಕಳಿಗೆ ಮರುದಿನ ಬೇಕಾದದ್ದು ಕುಂಟೆತ್ತು. ಹಾಗಾದರೆ? ಉಳಿದ ಅಷ್ಟೂ ಎತ್ತುಗಳ ಒಂದೊಂದು ಕಾಲನ್ನು ಸಣ್ಣ ಗರಗಸದಿಂದ ನಾಜೂಕಾಗಿ ಕೊಯ್ದು, ಸಾಲಾಗಿ ಜೋಡಿಸಿ, ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ರೆಡಿಮೇಡ್ ಕುಂಟೆತ್ತು' ಎಂದು ಬರೆದು ತೂಗುಬಿಟ್ಟೆ. ಇಂಥ ಬುದ್ಧಿ ಹುಬ್ಬಳ್ಳಿಯ ಸಗಟು ವ್ಯಾಪಾರಿಗಳಿಗೂ ಬಂದಿರಲಿಲ್ಲ.

ಮಕ್ಕಳು ಬಂದರು, ನೋಡಿದರು, ಮುಂದೆ ಹೋದರು. ಗಾದಿ ತುಂಬುವವರ ಹುಡುಗ ಮಾತ್ರ ನಿಂತು, ಒಂದನ್ನು ಎತ್ತಿ, ಕೊಯ್ದ ಜಾಗದ ಮೇಲೆ ಬೆರಳಾಡಿಸಿದ.

"ಕಾಕಾ, ಈ ಕಾಲ ಯಾರ ಮುರದ್ರು?"

"ನಾನ."

"ಹಂಗಾರ ಇದನ್ನ ತಗೊಂಡು ನೀವ ಹೋಗಿ ಬೇಡ್ಕೊಂಡ ಬರ್ರಿ."

ಆ ಮಾತು ಪೇಟೆಯಲ್ಲಿ ದೀಪಾವಳಿಯ ತನಕ ಓಡಾಡಿತು. ಚಹಾದ ಅಂಗಡಿಗೆ ಹೋದರೆ ಸಾಕು, "ಸಾವಕಾರ್ರ, ಎಷ್ಟ ಜ್ವಾಳಾ ಕೂಡಿದ್ವು?" ಎನ್ನುತ್ತಿದ್ದರು.

ಸಿಟ್ಟು ತಡೆಯದೆ ನಾನು ನೆಟ್ಟಗೆ ಮಹಡಿ ಹತ್ತಿದೆ. ಅಕ್ಕೋರು ಅಕ್ಕಿ ಆರಿಸುತ್ತ ಕುಳಿತಿದ್ದರು.

"ಅಕ್ಕೋರ, ನನ್ನ ಮಾಲ ಯಾಕ ಹೋಗಲಿಲ್ಲ ಅನ್ನೂದನ್ನ ನೀವ ಹೇಳಬೇಕ್ರಿ."

"ಕೇಳ್ಕೊಂಡ ಬರ್ರಿ," ಎಂದರು.

"ಯಾರನ್ನ?"

"ನಿಮ್ಮ ಮಗಳನ್ನ."

ಕೆಳಗಿಳಿದು ಬಂದೆ. ನೀಲಾ ಕೈಕಾಲು ತೊಳೆಯುತ್ತಿದ್ದಳು. ಕೇಳಿದೆ.

"ನಮ್ಮ ಎತ್ತು ನಾವ ಮಾಡಿದ್ದಪ್ಪಾ. ಪೂಜಾನೂ ಮಾಡಿರ್ತೇವಿ. ಅದರ ಕಾಲ ಮುರೀಬೇಕಂದ್ರ ಯಾರೂ ಮುಂದ ಬರೂದಿಲ್ಲ. ನೀ ಮುರಿ, ನೀ ಮುರಿ ಅಂತಾರ. ಮುರದ ಮ್ಯಾಲ ಎಲ್ಲಾರೂ ಗಪ್ ಆಗಿಬಿಡ್ತಾರ. ಆಮ್ಯಾಲ ಅದರ ಸಲುವಾಗಿ ಬೇಡಾಕ ನಾಚಿಕಿ ಬರೂದಿಲ್ಲ. ನಿಮ್ಮ ಎತ್ತಿನ ಸಲುವಾಗಿ ನಮಗ ಬಾಯಿ ಹೆಂಗ ಬರಬೇಕು?"

ಹಬ್ಬದಿಂದ ಮಕ್ಕಳಿಗೆ ಏನು ಸಿಗುತ್ತದೆ ಎಂದು ಸಭೆಗಳಲ್ಲಿ ದೊಡ್ಡವರು ತಾಸುಗಟ್ಟಲೆ ಮಾತಾಡುವುದನ್ನು ಕೇಳಿದ್ದೇನೆ. ಸಂಸ್ಕೃತಿ ಎನ್ನುತ್ತಾರೆ, ಸಂಸ್ಕಾರ ಎನ್ನುತ್ತಾರೆ. ನನಗೆ ಅಷ್ಟೆಲ್ಲ ತಿಳಿಯುವುದಿಲ್ಲ. ಅಂಗಡಿಯಲ್ಲಿ ನಾಚಿ ಬಾಯಿ ಮುಚ್ಚಿಕೊಳ್ಳುತ್ತಿದ್ದ ಹುಡುಗಿ, ತಾನು ಮಾಡಿ ತಾನೇ ಮುರಿದ ಮಣ್ಣಿನ ಎತ್ತಿಗಾಗಿ ಇಡೀ ಪೇಟೆಯ ಮುಂದೆ ಮಾತಾಡಿದಳು. ಅದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ತಂದೆತಾಯಿಗಳಿಗೆ ನನ್ನದೊಂದು ಸಲಹೆ. ಹಬ್ಬಕ್ಕೆ ನನ್ನ ಅಂಗಡಿಗೆ ಬನ್ನಿ, ಬೇಡ ಎನ್ನುವುದಿಲ್ಲ. ಬಣ್ಣ ಒಯ್ಯಿರಿ, ಹಗ್ಗ ಒಯ್ಯಿರಿ. ಆದರೆ ಮನೆಯಲ್ಲಿ ಯಾವುದಾದರೂ ಒಂದು ಕೆಲಸವನ್ನು ಪೂರ್ತಿ ಮಕ್ಕಳ ಕೈಗೆ ಬಿಡಿ. ಕಡಬು ಒಡೆಯಲಿ, ತೋರಣ ಸೊಟ್ಟಗಾಗಲಿ. ನೀವು ಕೈ ಹಿಂದೆ ಕಟ್ಟಿಕೊಂಡು ನಿಂತಿರಿ. ಹೇಳಿದಷ್ಟು ಸುಲಭವಲ್ಲ ಅದು. ನಾನು ಪ್ರಯತ್ನ ಮಾಡಿದ್ದೇನೆ. ಚಣ ಕಳೆಯುವುದರೊಳಗೆ ಕೈ ತಾನಾಗಿ ಮುಂದೆ ಬಂದಿರುತ್ತದೆ. ಆ ಹೆಂಗಸಿಗೆ ಅದು ಹೇಗೆ ಸಾಧ್ಯವಾಯಿತು ಎಂಬುದೇ ನನ್ನ ಹೊಟ್ಟೆಕಿಚ್ಚಿನ ಬೇರು.

ಬನ್ನಿಯ ವಿಷಯವನ್ನು ಮರೆತಿದ್ದೆ. ದಸರೆಗೆ ಬನ್ನಿ ಎಲೆ ಕೊಡುವಾಗ, ಆ ವರ್ಷ ಯಾರ ಕೂಡ ಮಾತು ಬಿಟ್ಟಿದ್ದೀರೋ ಅವರಿಗೆ ಮೊದಲು ಕೊಡಿ, ಆಮೇಲೆ ದೋಸ್ತರಿಗೆ ಎಂದು ಅಕ್ಕೋರು ಮಕ್ಕಳಿಗೆ ಹೇಳಿದ್ದರು. ಗಟಾರದ ಸಲುವಾಗಿ ನನಗೂ ಬಟ್ಟೆ ಅಂಗಡಿಯವನಿಗೂ ಮಾತಿರಲಿಲ್ಲ. ನೀಲಾ ಹೋಗಿ ಅವನಿಗೆ ಬನ್ನಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ಬಂದಳು. ಅವನು ಕಣ್ಣೊರೆಸಿಕೊಳ್ಳುತ್ತ ನಮ್ಮ ಬಾಗಿಲಿಗೆ ಬಂದ. ನಾವಿಬ್ಬರೂ ಚಹಾ ಕುಡಿದೆವು. ಅಕ್ಕೋರು ಮಹಡಿಯ ಕಟಾಂಜನದ ಹಿಂದೆ ನಿಂತು ನೋಡುತ್ತಿದ್ದರು. ಕೈ ಎಲ್ಲಿದ್ದವು ಎಂದು ಬೇರೆ ಹೇಳಬೇಕಿಲ್ಲ.

ನೀಲಾ ಕಾಲೇಜು ಮುಗಿಸಿ ಈಗ ಅಂಗಡಿಯಲ್ಲಿ ಕೂಡುತ್ತಾಳೆ. ನನ್ನ ಆಸೆಯ ಅರ್ಧ ಕೈಗೂಡಿದೆ. ಮಾಲು ತೋರಿಸುವಾಗ ಊನವನ್ನೇ ಮೊದಲು ಹೇಳುತ್ತಾಳೆ: "ಅಕ್ಕಾ, ಈ ಸಮಯದ ಕುಡಿ ಒಂದೀಟ ಸೊಟ್ಟ ಐತ್ರಿ, ಆದ್ರ ಎಣ್ಣಿ ಸೋರೂದಿಲ್ಲ, ನಾನ ಹಚ್ಚಿ ನೋಡೇನಿ." ಸಮಯ ಎಂದರೆ ಹಿತ್ತಾಳೆಯ ದೀಪದ ಕಂಬ. ಮೊದಮೊದಲು ನಾನು ತಲೆ ಚಚ್ಚಿಕೊಂಡೆ. ಈಗ ಹಾನಗಲ್ಲಿನಿಂದ, ಹಂಸಭಾವಿಯಿಂದ ಜನ ಅವಳ ಹತ್ತಿರವೇ ತೆಗೆದುಕೊಳ್ಳಬೇಕೆಂದು ಬರುತ್ತಾರೆ. "ಇಷ್ಟ ಖರೇ ವ್ಯಾಪಾರ ಯಾರ ಕಲಿಸಿದ್ರವಾ?" ಎಂದು ಕೇಳುತ್ತಾರೆ. "ನಮ್ಮ ಅಕ್ಕೋರು," ಎನ್ನುತ್ತಾಳೆ. ಪಕ್ಕದ ಕುರ್ಚಿಯಲ್ಲಿ ಅಪ್ಪ ಮಣ್ಣೆತ್ತಿನಂತೆ ಕುಳಿತಿರುತ್ತಾನೆ.

ನಿವೃತ್ತಿಯ ಸಮಾರಂಭದಲ್ಲಿ ಅವಳೂ ಮಾತಾಡಿದಳು. ನಾನು ಮುಂದಿನ ಸಾಲಿನಲ್ಲಿ ಕಿವಿ ನೆಟ್ಟಗೆ ಮಾಡಿ ಕುಳಿತಿದ್ದೆ. ಮಣ್ಣು ಬಂತು, ಚರಗ ಬಂತು, ಬನ್ನಿ ಬಂತು. ಕೊನೆಗೆ "ನಮ್ಮಪ್ಪ" ಎಂದಳು. ನಾನು ಅಂಗಿಯ ಕಾಲರು ಸರಿ ಮಾಡಿಕೊಂಡೆ. "ನಮ್ಮಪ್ಪ ಅಂಗಳದಾಗಿನ ಮೂಲಿ ಬಿಟ್ಟುಕೊಟ್ಟಿದ್ರು," ಎಂದಳು. ಜನ ಚಪ್ಪಾಳೆ ತಟ್ಟಿದರು. ಬಾಡಿಗೆಯ ಜೊತೆಗೆ ಹೋದ ಮೂಲೆಗೆ ಚಪ್ಪಾಳೆ!

ಮುಂದಿನ ವಾರ ಅಕ್ಕೋರು ಅಬಲೂರಿಗೆ ಹೊರಟರು, ತಮ್ಮನ ಮನೆಯ ಪಕ್ಕದಲ್ಲಿ ಒಂದು ಖೋಲಿ ಹಾಕಿಸಿಕೊಂಡಿದ್ದರು. ಸಾಮಾನು ಒಯ್ಯಲು ಬಂದ ಗಾಡಿಯವನು ಬಾಯಿಗೆ ಬಂದ ದರ ಹೇಳಿದ. ಅಂಥವರಿಗೆ ನಾನು ಸಾಕು ಎಂದು ಮುಂದೆ ಬರುವಷ್ಟರಲ್ಲಿ ನೀಲಾ ಗೇಟಿನ ಹತ್ತಿರ ಹೋಗಿದ್ದಳು.

"ಎಷ್ಟಂದ್ರಿ ಅಣ್ಣಾರ?"

ಅವನು ಮತ್ತೆ ಹೇಳಿದ. ನೀಲಾ ಸಣ್ಣಗೆ ನಕ್ಕಳು. ಹೊಳ್ಳಿ ನಡೆದಳು. ಹಿಂದಕ್ಕೆ ತಿರುಗಿ ನೋಡಲಿಲ್ಲ.

"ಅಕ್ಕಾರ, ನಿಲ್ರಿ! ಸಿಟ್ಟ ಯಾಕ ಮಾಡ್ತೀರಿ, ನಿಲ್ರಿ!" ಎಂದು ಗಾಡಿಯವನು ಇಳಿದು ಓಡಿಬಂದ.

ನಾನು ನಿಂತಲ್ಲೇ ನಿಂತೆ. ಸವಣೂರು ಸಂತೆಯ ನಡಿಗೆ ಅದು. ಆ ನಗೆಯೂ ನನ್ನದೇ. ಹಗ್ಗದ ಸುರುಳಿಯ ಹಿಂದೆ ಮುಖ ಮುಚ್ಚಿಕೊಂಡಿದ್ದ ಹುಡುಗಿ ಅವತ್ತು ಬೆರಳುಗಳ ಸಂದಿಯಿಂದ ನನ್ನನ್ನು ನೋಡುತ್ತಲೇ ಇದ್ದಳು.

ಮೆಟ್ಟಿಲ ಹತ್ತಿರ ಅಕ್ಕೋರು ನಿಂತಿದ್ದರು. "ಇದು ನಾ ಕಲಿಸಿದ್ದಲ್ರಿ ಸಾವಕಾರ್ರ," ಎಂದರು.

"ಹಂಗಾರ ಯಾರ ಕಲಿಸಿದ್ದಂತ್ರಿ?" ಎಂದೆ.

"ಕೇಳ್ಕೊಂಡ ಬರ್ರಿ."

ನೀಲಾ ಗಾಡಿಯ ಹಿಂದೆ ಹಗ್ಗ ಬಿಗಿಯುತ್ತಿದ್ದಳು. ನಾಲ್ಕು ಹೆಜ್ಜೆ ಹೋದರೆ ಕೇಳಬಹುದಿತ್ತು. ನಾನು ಕೇಳಲಿಲ್ಲ. ಬೇಕು ಎಂದು ಬಾಯಿ ಬಿಟ್ಟು ಕೇಳಿದ ಮಾಲಿನ ದರ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅದು ಅವಳ ಬಾಯಿಂದ ತಾನಾಗಿ ಬರಬೇಕು. ಆದರೆ ನೋಡಿ, ಇಷ್ಟು ವರ್ಷ ನಾನು ಕಾದದ್ದನ್ನು ಮೊದಲು ಹೇಳಿದವರೂ ಅಕ್ಕೋರೇ ಆದರು. ಅದನ್ನಾದರೂ ಮಗಳಿಗೆ ಬಿಡಬಾರದಿತ್ತೇ?

ಈ ಸಲ ಚೀಲಗಳು ಖಾಲಿ ಹೋದವು. "ಮಣ್ಣ ಇರ್ಲಿ ಬಿಡ್ರಿ, ಅಮಾಸಿ ಬಂತಲ್ಲ," ಎಂದು ಗಾಡಿ ಹತ್ತಿದರು.

ಖೋಲಿ ಖಾಲಿ ಇದೆ. ಮೊನ್ನೆ ಬ್ಯಾಂಕಿನ ಹುಡುಗನೊಬ್ಬ ನೋಡಲು ಬಂದಿದ್ದ. ಬಾಡಿಗೆ ಹೇಳಿದೆ, ಚೌಕಾಶಿ ಮಾಡದೆ ಒಪ್ಪಿದ. ಒಪ್ಪಿ, ಅಂಗಳದ ಕಡೆ ಕೈ ತೋರಿಸಿ, "ಆ ಮೂಲ್ಯಾಗ ನನ್ನ ಮೋಟರ್ ಸೈಕಲ್ ನಿಲ್ಲಸ್ತೇನ್ರಿ," ಎಂದ. ಓಣಿಯ ಎರಡು ಸಣ್ಣ ಮಕ್ಕಳು ಆಗಲೇ ಅಲ್ಲಿ ಕುಳಿತು ಹೂಳಿಗೆ ನೀರು ಹಾಕುತ್ತಿದ್ದವು. ಒಂದು, ಹಾಕಬಾರದಷ್ಟು ನೀರು ಹಾಕುತ್ತಿತ್ತು. ನಾನು ಕೈ ಹಿಂದೆ ಕಟ್ಟಿಕೊಂಡೆ.

"ಅಲ್ಲಿ ಆಗೂದಿಲ್ರಿ."

"ಯಾಕ್ರಿ? ಬರೇ ಮಣ್ಣಲ್ಲೇನ್ರಿ ಅಲ್ಲಿರೂದು?"

"ಬರೇ ಮಣ್ಣ," ಎಂದೆ. "ಬಾಡಿಗಿ ಬೇಕಾರ ಇಳಸ್ತೇನಿ. ಆ ಮೂಲಿ ಮಾತ್ರ ಕೊಡೂದಿಲ್ಲ."